ತೋಡು ಕಪ್ಪಾಗಿದ್ದು ಜನವರಿಯಲ್ಲಿ, ಭೇದಿ ಶುರುವಾಗಿದ್ದು ಜೂನ್‌ನಲ್ಲಿ

ಕಾಫಿ ಕೊಯ್ಲು ಶುರುವಾದರೆ ನಮ್ಮ ಕೊಡಗಿನ ಸಿದ್ದಾಪುರ ಕಡೆಯ ತೋಡುಗಳಲ್ಲಿ, ಅಂದರೆ ಸಣ್ಣ ಹಳ್ಳಗಳಲ್ಲಿ, ಹುಳಿ ಬಂದ ಹಣ್ಣಿನ ವಾಸನೆ. ಮೇಲೆಲ್ಲೋ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಓಡುತ್ತಿದೆ ಅಂತ ಅರ್ಥ. ಸಿಪ್ಪೆ ಬಿಡಿಸಿ, ಬೀಜದ ಲೋಳೆ ತೊಳೆದ ನೀರು ಗುಂಡಿಯಲ್ಲಿ ನಿಲ್ಲಬೇಕು. ಗುಂಡಿ ತುಂಬಿದರೆ ತೋಡಿಗೆ, ಅಲ್ಲಿಂದ ಕಾವೇರಿಗೆ. ನಮ್ಮದು ಸಣ್ಣ ಹಿಡುವಳಿ, ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿಯೇ ಮಾರುತ್ತೇವೆ. ಪಲ್ಪರ್‌ನವರನ್ನು ಬೈಯುವುದು ನಮಗೆ ಸುಲಭ ಅಲ್ವಾ! ಲೈನ್ ಮನೆ (ತೋಟದ ಕಾರ್ಮಿಕರ ಸಾಲು ಮನೆ) ಮಕ್ಕಳಿಗೆ ಭೇದಿ ಆದಾಗಲೂ ಎಲ್ಲರ ಬಾಯಲ್ಲಿ ಅದೇ ಮಾತು.

ಸುಮ್ನೆ ಬೈಯುವ ಬದಲು ತೋಡಿನ ಗುಂಟ ಮೇಲಕ್ಕೆ ನಡೆದೆ. ಪಲ್ಪರ್‌ಗಿಂತ ಮೇಲೆ ಒಂದು ಜಾಗ, ಕೆಳಗೆ ಎರಡು ಜಾಗ ಗುರುತು ಮಾಡಿಕೊಂಡೆ. ಮೇಲಿನ ಜಾಗ ಬಿಡಲೇಬಾರದು. ಬರೀ ಕೆಳಗಿನ ನೀರು ತೋರಿಸಿದರೆ, "ಅದು ಮೊದಲಿಂದ ಹಾಗೇ ಬರ್ತಿತ್ತು" ಅಂದುಬಿಡುತ್ತಾರೆ. ನೀರಿನ ಹುಳಿ ತೋರಿಸುವ ಪಿಎಚ್ ಕಾಗದ ಅದ್ದಿದೆ, ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ಮೇಲೆ 7ರ ಆಸುಪಾಸು, ಗುಂಡಿಯ ನೀರು ಸೇರುವ ಕಡೆ 4ರ ಹತ್ತಿರ.

ಕಾಗದಕ್ಕಿಂತ ಕಲ್ಲುಗಳೇ ಜಾಸ್ತಿ ಹೇಳಿದವು. ಮೇಲೆ ಕಲ್ಲು ಎತ್ತಿದರೆ ಏಡಿ ಮರಿ, ಕಲ್ಲಿಗೆ ಅಂಟಿಕೊಂಡ ಚಪ್ಪಟೆ ಹುಳು, ಅದರ ಹಿಂದೆ ಕೂದಲಿನಂಥ ಮೂರು ಬಾಲ. ಕೆಳಗೆ ಕಲ್ಲಿನ ಮೇಲೆಲ್ಲಾ ಒದ್ದೆ ಹತ್ತಿಯಂಥ ಬೂದು ಪಾಚಿ, ಕೆಸರಿನಲ್ಲಿ ಕೆಂಪು ಹುಳು. ಲೋಳೆಯ ಸಕ್ಕರೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ. ಮೀನು, ಏಡಿ ಉಳಿಯುವುದಿಲ್ಲ, ಕೆಂಪು ಹುಳು ತಾಳಿಕೊಳ್ಳುತ್ತದೆ. ಹೀಗೆ ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಅನ್ನುವುದನ್ನೇ ಲ್ಯಾಬ್‌ನವರು ಬಿಒಡಿ ಅಂತ ಅಳೆಯುವುದು. ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು. ಪಲ್ಪಿಂಗ್ ನೀರಿನಲ್ಲಿ ಸಾವಿರಗಟ್ಟಲೆ ಇರುತ್ತದೆ. ಈ ಪರೀಕ್ಷೆಗೆ ನೀರು ತುಂಬಿದ ಬಾಟಲಿಯನ್ನು ಐಸ್‌ನಲ್ಲಿಟ್ಟು ಅದೇ ದಿನ ಲ್ಯಾಬ್‌ಗೆ ಮುಟ್ಟಿಸಬೇಕು. ನಮಗೆ ಐಸ್ ಸಿಕ್ಕಿದ್ದು ಮೀನಿನ ಅಂಗಡಿಯಲ್ಲಿ.

ಇಷ್ಟಾದ ಮೇಲೆ ಆಶಾ ಕಾರ್ಯಕರ್ತೆ ಅಕ್ಕನ ಹತ್ತಿರ ಕೂತು, ಯಾವ ಲೈನಿನಲ್ಲಿ ಯಾವ ತಿಂಗಳು ಭೇದಿ ಅಂತ ಬರೆದುಕೊಂಡೆ. ಹೆಸರು ಬೇಡ, ತಿಂಗಳು ಮತ್ತು ಬಾವಿ ಸಾಕು ಅಂದಿದ್ದಕ್ಕೆ ಅವರೂ ಒಪ್ಪಿದರು. ಜನವರಿ, ಫೆಬ್ರವರಿಯಲ್ಲಿ ತೋಡು ಕಪ್ಪಗಿದ್ದಾಗ ಏನೂ ವಿಶೇಷವಿಲ್ಲ. ಕಾಯಿಲೆ ಎಲ್ಲಾ ಜೂನ್, ಜುಲೈನಲ್ಲಿ. ಆಗ ಒಂದು ಪಲ್ಪರ್ ಕೂಡ ಓಡುವುದಿಲ್ಲ!

ಹಾಗಾಗಿ ಮಳೆ ಹಿಡಿದ ಮೇಲೆ ಬಾವಿಗಳ ನೀರು ನೋಡಿದೆವು. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಕೇಳಬೇಕು ಅಷ್ಟೇ. ಅದರ ಸಣ್ಣ ಬಾಟಲಿಗೆ ಗುರುತಿನವರೆಗೆ ನೀರು ತುಂಬಿಸಿ ಒಂದೆರಡು ದಿನ ಇಟ್ಟರೆ, ಮಲದ ಸೋಂಕು ಇದ್ದರೆ ಕಪ್ಪಾಗುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಅದು ಬೇಗ ಬಣ್ಣ ತಿರುಗುವುದಿಲ್ಲ. ಅದಕ್ಕೇ ಅಡುಗೆಮನೆಯಲ್ಲಿ ಒಲೆಯ ಪಕ್ಕ ಇಟ್ಟೆವು. ಭೇದಿ ಜಾಸ್ತಿ ಇದ್ದ ಲೈನಿನ ಬಾವಿಯ ಬಾಟಲಿ ಇದ್ದಿಲಿನಷ್ಟು ಕಪ್ಪಾಯಿತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಬಾವಿಯ ಮೇಲಿನ ಇಳಿಜಾರಿನಲ್ಲೇ ಕಕ್ಕಸು ಗುಂಡಿ, ನಡುವೆ ನಾಲ್ಕು ಹೆಜ್ಜೆ. ಕನಿಷ್ಠ 10–15 ಮೀಟರ್ ದೂರ, ಅದೂ ಬಾವಿಗಿಂತ ಕೆಳಗೆ ಇರಬೇಕಿತ್ತು. ಅಂದಹಾಗೆ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತೋರಿಸಿ ಫಿಲ್ಟರ್ ಮಾರುವವರು ಇದೇ ನೀರನ್ನು "ಫಸ್ಟ್ ಕ್ಲಾಸ್" ಅಂದಿದ್ದರು. ಆ ಮೀಟರ್‌ಗೆ ಕ್ರಿಮಿ ಕಾಣುವುದಿಲ್ಲ.

ಪಲ್ಪರ್‌ನವರ ಹತ್ತಿರ ದೂರಿಗೆ ಮೊದಲು ಮಾತಿಗೇ ಹೋದೆ. "ಮಾವ, ನೀವೇ ಅದ್ದಿ ನೋಡಿ" ಅಂತ ಕಾಗದ ಕೊಟ್ಟೆ. ಈಗ ಅವರು ತಮ್ಮ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಸುಣ್ಣ ಹಾಕಿ, ಏರಿ ಎತ್ತರಿಸಿದ್ದಾರೆ. ಕಕ್ಕಸು ಗುಂಡಿಯದ್ದೇ ತಲೆನೋವು. ಖರ್ಚು ತೋಟದವರದ್ದಾ, ಪಂಚಾಯಿತಿಯದ್ದಾ ಅನ್ನುವುದು ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಿದ್ದೇವೆ, ಲೈನಿನಲ್ಲಿ ಕುದಿಸಿಯೇ ಕುಡಿಯುತ್ತಾರೆ. ಮುಂದಿನ ಗ್ರಾಮಸಭೆಗೆ ಆ ಕಪ್ಪು ಬಾಟಲಿಯ ಫೋಟೋ, ತಿಂಗಳ ಪಟ್ಟಿ ಎರಡನ್ನೂ ಒಯ್ಯುತ್ತೇನೆ.