ಕುದುರೆ ಕುಂಟುತ್ತಿದೆ, ಕಾರಣ ಕಾಣುತ್ತಿಲ್ಲ: ಏನು ಮಾಡಬೇಕು?

ಗಾಯ ಇಲ್ಲ, ಊತ ಇಲ್ಲ. ಆದರೂ ಕುದುರೆ ಒಂದು ಕಾಲನ್ನು ಸರಿಯಾಗಿ ಊರುತ್ತಿಲ್ಲ, ಜೀನು ಹಾಕಲು ಹೋದರೆ ಬೆನ್ನು ಕುಗ್ಗಿಸುತ್ತದೆ. ಸ್ಟಡ್ ಫಾರ್ಮ್ ಇರುವ ಕುಣಿಗಲ್‌ನಲ್ಲಾದರೆ ಕುದುರೆ ಬಲ್ಲವರು ಪಕ್ಕದಲ್ಲೇ ಸಿಗಬಹುದು. ಮದುವೆ ಮೆರವಣಿಗೆಗೆಂದು ಒಂದೇ ಕುದುರೆ ಸಾಕಿಕೊಂಡಿರುವ ಶಿರಾ, ತಿಪಟೂರು, ತುಮಕೂರಿನ ಮನೆಗಳು ಮೊದಲ ಪರೀಕ್ಷೆಯನ್ನು ತಾವೇ ಮಾಡಬೇಕಾಗುತ್ತದೆ.

ಮೊದಲು ಕೆಲಸ ನಿಲ್ಲಿಸಿ. ಮುಂಗಡ ತೆಗೆದುಕೊಂಡಿದ್ದರೂ ನಿಲ್ಲಿಸಿ. ಸುಮ್ನೆ ನೋವಿನ ಔಷಧಿ ಕೊಡಬೇಡಿ. ನೋವು ಮುಚ್ಚಿಹೋದರೆ ಯಾವ ಕಾಲು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಡೈಕ್ಲೋಫೆನಾಕ್ ಅಂತೂ ಬೇಡವೇ ಬೇಡ. ರಣಹದ್ದುಗಳ ಸಾವಿಗೆ ಕಾರಣವಾದ ಆ ಔಷಧಿಯನ್ನು ಪ್ರಾಣಿಗಳಿಗೆ ಬಳಸುವುದು 2006ರಿಂದಲೇ ನಿಷೇಧ. ಬರೆ ಹಾಕಿಸುವ ಮಾತನ್ನೂ ಒಪ್ಪಬೇಡಿ. ಮೂಕ ಪ್ರಾಣಿಗೆ ಒಂದು ನೋವಿನ ಮೇಲೆ ಇನ್ನೊಂದು ನೋವು ಕೊಟ್ಟಂತೆ, ಅಷ್ಟೇ.

ಈಗ ಯಾವ ಕಾಲು ಅಂತ ನೋಡಿ. ಗಟ್ಟಿ, ಸಮ ನೆಲದ ಮೇಲೆ ಒಬ್ಬರು ಹಗ್ಗ ಸಡಿಲ ಬಿಟ್ಟು ಕುದುರೆಯನ್ನು ಕುಕ್ಕುಲೋಟದಲ್ಲಿ, ಅಂದರೆ ನಡಿಗೆಗಿಂತ ಜೋರಾಗಿ, ನಾಗಾಲೋಟಕ್ಕಿಂತ ನಿಧಾನವಾಗಿ ಓಡಿಸಲಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆ ಕಾಲು ಊರಿದಾಗ ತಗ್ಗುತ್ತದೆ. ಹಿಂಗಾಲಿನ ನೋವಾದರೆ ಹಿಂದಿನಿಂದ ಸೊಂಟ ಗಮನಿಸಿ. ನೋವಿರುವ ಕಡೆ ಸೊಂಟ ಜಾಸ್ತಿ ಏರಿಳಿಯುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ನಿಧಾನಗತಿಯಲ್ಲಿ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಆಮೇಲೆ ಗೊರಸು. ಇಲ್ಲಿ ಆತುರ ಬೇಡ, ಮುಂಗಾಲಿನ ಕುಂಟಿನ ಮೂಲ ಹೆಚ್ಚಾಗಿ ಗೊರಸಿನಲ್ಲೇ ಇರುತ್ತದೆ. ಕಾಲೆತ್ತಿ ಮಣ್ಣು, ಲದ್ದಿ ಪೂರ್ತಿ ತೆಗೆಯಿರಿ. ಸಿಕ್ಕಿಕೊಂಡ ಜಲ್ಲಿ, ಕಪ್ಪು ಚುಕ್ಕೆ, ಕೆಟ್ಟ ವಾಸನೆ, ಸಡಿಲವಾದ ಲಾಳದ ಮೊಳೆ ಇವೆಯೇ ನೋಡಿ. ಅಂಗೈ ಇಟ್ಟು ನಾಲ್ಕೂ ಗೊರಸುಗಳ ಬಿಸಿ ಹೋಲಿಸಿ. ಗೊರಸಿನ ಮೇಲಿನ ಗಂಟಿನ ಹಿಂಭಾಗದಲ್ಲಿ, ಎರಡೂ ಪಕ್ಕ, ಬೆರಳ ತುದಿ ಹಗುರವಾಗಿ ಒತ್ತಿ ಹಿಡಿಯಿರಿ. ಆರೋಗ್ಯವಾಗಿದ್ದರೆ ನಾಡಿ ಸಿಗುವುದೇ ಕಷ್ಟ. ಬೆರಳಿಗೆ ದಬದಬ ಬಡಿದರೆ ಗೊರಸಿನೊಳಗೆ ಉರಿಯೂತ ಇದೆ. ಒಂದೇ ಗೊರಸಾದರೆ ಕೀವು ಕಟ್ಟಿರಬಹುದು. ಎರಡೂ ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ ಆ ದಿನವೇ ಡಾಕ್ಟರ್ ಬರಬೇಕು. ಕಾಳು ವಿಪರೀತ ತಿಂದಾಗಲೂ ಹೀಗಾಗುತ್ತದೆ. ಮೊಳೆ ಚುಚ್ಚಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ, ಕುದುರೆಗೆ ಆ ರೋಗ ಬೇಗ ತಗಲುತ್ತದೆ.

ಬೆನ್ನಿಗೆ ಕೈ ಹಾಕುವುದು ಇದಾದ ಮೇಲೆ. ಬೆನ್ನೆಲುಬಿನಿಂದ ನಾಲ್ಕು ಬೆರಳು ಪಕ್ಕಕ್ಕೆ, ಹೆಗಲಿಂದ ಸೊಂಟದವರೆಗೆ ಅಂಗೈಯಿಂದ ನಿಧಾನವಾಗಿ ಒತ್ತುತ್ತಾ ಬನ್ನಿ. ಉಗುರು ತಾಗಿಸಬೇಡಿ, ಚುಚ್ಚಿದರೆ ಎಂಥಾ ಕುದುರೆಯೂ ಬೆನ್ನು ಕುಗ್ಗಿಸುತ್ತದೆ ಅಲ್ವಾ? ಒಂದೇ ಜಾಗದಲ್ಲಿ ಪ್ರತಿಸಲ ಅದುರಿದರೆ, ಕಿವಿ ಹಿಂದಕ್ಕೆ ಮಡಚಿದರೆ ಆ ಜಾಗ ಗುರುತಿಟ್ಟುಕೊಳ್ಳಿ. ಜೀನಿನ ಕೆಳಗೆ ಬಿಳಿ ಕೂದಲಿನ ಮಚ್ಚೆ ಎದ್ದಿದ್ದರೆ ಅದು ಹಳೆಯ ಒತ್ತಡದ ಗುರುತು. ಜೀನು ಕಟ್ಟಿದಾಗ ಹೆಗಲ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು. ಮೆರವಣಿಗೆಯ ಜೀನಿನಲ್ಲಿ ಜರತಾರಿ ನೋಡುತ್ತೇವೆ, ಒಳಗಿನ ದಿಂಡು ಒಂದು ಕಡೆ ಕುಸಿದಿರುವುದನ್ನು ನೋಡುವುದಿಲ್ಲ. ಬರೀ ಜೀನನ್ನು ದೂರಿದರೂ ಸಾಲದು. ಕಾಲು ನೋವಿರುವ ಕುದುರೆ ಭಾರ ತಪ್ಪಿಸಲು ಬೆನ್ನು ಬಿಗಿ ಹಿಡಿಯುತ್ತದೆ. ಗೊರಸಿನ ತುದಿ ಉದ್ದ ಬೆಳೆದರೂ ಹಾಗೇ. ಲಾಳ 6ರಿಂದ 8 ವಾರಕ್ಕೊಮ್ಮೆ ಬದಲಾಗಲಿ.

ಒಂದು ಸ್ಥಿತಿ ಮಾತ್ರ ಬೇರೆ. ರಜೆಯಲ್ಲೂ ಹುರುಳಿ ಕಡಿಮೆ ಮಾಡದೆ, ಮರುದಿನ ದುಡಿಸಿದಾಗ ಕುದುರೆ ಬೆವರಿ, ಸೊಂಟ ಮರಗಟ್ಟಿ, ಕಾಫಿ ಬಣ್ಣದ ಮೂತ್ರ ಹೊಯ್ದರೆ ಒಂದು ಹೆಜ್ಜೆಯೂ ನಡೆಸಬೇಡಿ. ನಿಂತಲ್ಲೇ ನೀರು ಕೊಡಿ, ಡಾಕ್ಟರಿಗೆ ಫೋನ್ ಮಾಡಿ. ಪಶು ಆಂಬುಲೆನ್ಸ್ ಸಹಾಯವಾಣಿ 1962.

ಡಾಕ್ಟರ್ ಬರುವಾಗ ಆ ವಿಡಿಯೊ, ಲಾಳ ಕಟ್ಟಿಸಿದ ದಿನ, ಮೇವಿನ ವಿವರ, ಜೀನು ಎಲ್ಲ ಸಿದ್ಧವಿರಲಿ. ಜ್ವರವನ್ನೂ ನೋಡಿಡಿ, 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಹಲ್ಲು ನೋಡಲು ನೀವೇ ಕೇಳಿ, ಹಲ್ಲಿನ ಚೂಪು ಅಂಚು ಚುಚ್ಚಿದರೆ ಕುದುರೆ ಕತ್ತು, ಬೆನ್ನು ಎರಡನ್ನೂ ಬಿಗಿಹಿಡಿಯುತ್ತದೆ. ಎಕ್ಸ್‌ರೇ ಬೇಕಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಚೀಟಿ ಬರೆಸಿಕೊಳ್ಳಿ.

ನೋವು ಹೋದ ಮೇಲೂ ಮೊದಲು ಬರಿ ಬೆನ್ನಲ್ಲಿ ಕೈಹಿಡಿದು ನಡೆಸಿ, ಆಮೇಲೆ ಖಾಲಿ ಜೀನು, ಕೊನೆಗೆ ಹಗುರ ಸವಾರ. ವರನ ಸರದಿ ಇವೆಲ್ಲ ಆದ ಮೇಲೆ.