ಹಳೆಯ ಪೆಂಟ್ಯಾಕ್ಸ್ ಕೆ1000: ರೀಲು ಹಾಕುವ ಮುನ್ನ ಏನೇನು ನೋಡಬೇಕು?

ಜಪಾನಿನ ಅಸಾಹಿ ಆಪ್ಟಿಕಲ್ ಕಂಪನಿ 1976ರಲ್ಲಿ ಕೆ1000 ತಂದಾಗಲೇ ಅದು ತುಸು ಹಳೇ ಕಾಲದ ಕ್ಯಾಮೆರಾ. ಒಳಗಿನ ಯಂತ್ರದ ಮೂಲ ಅದೇ ಕಂಪನಿಯ 1964ರ ಕ್ಯಾಮೆರಾ ಸ್ಪಾಟ್‌ಮ್ಯಾಟಿಕ್. ಲೆನ್ಸ್ ಕೂರುವ ಕೆ ಮೌಂಟ್ ಬಂದದ್ದು 1975ರಲ್ಲಿ. ಸೆಲ್ಫ್ ಟೈಮರ್ ಕೂಡ ಇಲ್ಲದ ಈ ಬಡಪಾಯಿ ಜಪಾನ್, ಹಾಂಗ್‌ಕಾಂಗ್, ಚೀನಾಗಳಲ್ಲಿ ತಯಾರಾಗುತ್ತಾ 1997ರವರೆಗೂ ನಡೆಯಿತು. ರೀಲಿಗೆ ಬೆಳಕನ್ನು ಕ್ಷಣಕಾಲ ಬಿಡುವ ಪರದೆ, ಅಂದರೆ ಶಟರ್‌ಗೆ ಬ್ಯಾಟರಿ ಬೇಡ, ಬೆಳಕು ಅಳೆಯುವ ಮುಳ್ಳಿಗೆ ಮಾತ್ರ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದೇ ದೊಡ್ಡ ಧೈರ್ಯ.

ಮೊದಲು ತಳದ ಬ್ಯಾಟರಿ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆಯಿರಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಹಳೆಯ ಸೆಲ್ ಸೋರಿದೆ. ಹತ್ತಿ ಕಡ್ಡಿಗೆ ಒಂದೇ ಹನಿ ವಿನೆಗರ್ ತಾಗಿಸಿ ಉಜ್ಜಿ, ಒಣಗಿಸಿ, ಎಸ್‌ಆರ್44 ಸೆಲ್ ಒಂದನ್ನು ಹಾಕಿ. ಎಲ್‌ಆರ್44 ಕೂಡ ನಡೆಯುತ್ತದೆ, ಆದರೆ ಅದರ ವೋಲ್ಟೇಜ್ ಮೆಲ್ಲಗೆ ಇಳಿಯುವುದರಿಂದ ಮುಳ್ಳು ಸುಳ್ಳು ಹೇಳತೊಡಗುತ್ತದೆ. ಈ ಮೀಟರ್‌ಗೆ ಸ್ವಿಚ್ಚೇ ಇಲ್ಲ. ಲೆನ್ಸ್ ಮುಚ್ಚಳ ಹಾಕದೆ ಬೆಳಕಿನಲ್ಲಿಟ್ಟರೆ ಸೆಲ್ ಖಾಲಿ.

ಮುಖ್ಯ ಪರೀಕ್ಷೆ ಶಟರ್‌ನದು. ಲೆನ್ಸ್ ಕಳಚಿ, ಎಡಗಡೆಯ ಗುಂಡಿಯನ್ನು ಮೇಲಕ್ಕೆಳೆದು ಹಿಂಬಾಗಿಲು ತೆರೆಯಿರಿ. ವೇಗ 1 ಸೆಕೆಂಡಿಗಿಟ್ಟು, ರೀಲು ಮುಂದೂಡುವ ಲಿವರ್ ಎಳೆದು ಒತ್ತಿ: ಒಳಗಿನ ಹಲ್ಲುಚಕ್ರ ಸಣ್ಣಗೆ ಗುರುಗುಟ್ಟಿ, ಶಟರ್ ತಾನಾಗಿ ಮುಚ್ಚಬೇಕು. ಅರ್ಧದಲ್ಲೇ ನಿಂತರೆ ಗ್ರೀಸ್ ಗಟ್ಟಿಯಾಗಿದೆ. ಆಮೇಲೆ 1000ಕ್ಕಿಟ್ಟು (ಅಂದರೆ 1/1000 ಸೆಕೆಂಡು) ಆಕಾಶದತ್ತ ಹಿಡಿದು ಹಿಂದಿನಿಂದ ನೋಡುತ್ತಾ ಐದಾರು ಸಲ ಒತ್ತಿ. ಟ್ಯೂಬ್‌ಲೈಟ್ ಬೇಡ, ಅದರ ಮಿಣುಕು ದಾರಿ ತಪ್ಪಿಸುತ್ತದೆ. ಕಣ್ಣಿಗೆ ಪೂರ್ತಿ ಚೌಕಟ್ಟು ಮಿಂಚಬೇಕು. ಒಂದು ಅಂಚು ಕಪ್ಪಾಗಿ ಉಳಿದರೆ, ಅಡ್ಡ ಓಡುವ ಎರಡು ಪರದೆಗಳಲ್ಲಿ ಹಿಂದಿನದು ಮುಂದಿನದನ್ನು ಹಿಡಿದುಬಿಡುತ್ತಿದೆ ಎಂದರ್ಥ. ಫೋಟೊದಲ್ಲೂ ಆ ಭಾಗ ಕಪ್ಪೇ. ಇದು ಮೆಕ್ಯಾನಿಕ್ ಕೆಲಸ. ಹೊಲಿಗೆ ಯಂತ್ರದ ಎಣ್ಣೆ ಬಿಡುವ ಬುದ್ಧಿ ಮಾತ್ರ ಬೇಡ, ಅದು ರಬ್ಬರ್ ಲೇಪದ ಬಟ್ಟೆ ಪರದೆಗೆ ಹರಿದರೆ ಕತೆ ಮುಗಿಯಿತು.

ಬಾಗಿಲಿನ ಸಂದಿಯ ಕಪ್ಪು ಫೋಮ್ ಈ ವಯಸ್ಸಿಗೆ ಡಾಂಬರಿನಂತೆ ಅಂಟಂಟಾಗಿರುತ್ತದೆ. ಹಲ್ಲುಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಉದ್ದ ಸಂದಿಗಳಿಗೆ ಕಪ್ಪು ಉಲ್ಲನ್ ದಾರ ಕೂರಿಸಿದರೂ ಬೆಳಕು ನಿಲ್ಲುತ್ತದೆ. ಲೆನ್ಸಿನ ಹಿಂದಿರುವ ಕನ್ನಡಿಯನ್ನು ಮುಟ್ಟಬೇಡಿ, ಲೇಪ ಗಾಜಿನ ಮೇಲ್ಮೈಯಲ್ಲೇ ಇರುವುದರಿಂದ ಒರೆಸಿದರೆ ಗೀರು.

ಲೆನ್ಸಿಗೆ ಟಾರ್ಚ್ ಹಾಯಿಸಿ ನೋಡಿ. ಮಲೆನಾಡು, ಕರಾವಳಿಯ ಬೀರುಗಳಲ್ಲಿ ಮಳೆಗಾಲ ಕಳೆದವುಗಳಲ್ಲಿ ಜೇಡರ ಬಲೆಯಂಥ ಬೂಷ್ಟು ಇರಬಹುದು. ಹೊಸ ಕೆ ಮೌಂಟ್ ಲೆನ್ಸ್‌ಗಳಲ್ಲಿ ಅಪರ್ಚರ್ (ಬೆಳಕು ಬರುವ ಕಿಂಡಿ) ಹೊಂದಿಸುವ ಉಂಗುರವಿಲ್ಲದವು ಇಲ್ಲಿ ಕೆಲಸಕ್ಕೆ ಬಾರವು.

ರೀಲು ಎಡಕ್ಕೆ, ನಾಲಗೆ ಬಲಗಡೆಯ ಸೀಳಿಗೆ. ಎರಡೂ ಅಂಚಿನ ತೂತುಗಳು ಹಲ್ಲುಗಳಿಗೆ ಕಚ್ಚಿದ್ದನ್ನು ಕಣ್ಣಾರೆ ನೋಡಿಯೇ ಬಾಗಿಲು ಮುಚ್ಚಿ. ಬಾಗಿಲು ತೆರೆದ ಗುಂಡಿಯ ಮೇಲಿನ ಎಡ ಹಿಡಿಕೆಯನ್ನು ಹಗುರಾಗಿ ಬಿಗಿಮಾಡಿ, ಎಣಿಕೆ 1ಕ್ಕೆ ಬರುವವರೆಗೆ ಖಾಲಿ ಒತ್ತಿ. ಲಿವರ್ ಎಳೆದಾಗಲೆಲ್ಲ ಆ ಹಿಡಿಕೆಯೂ ತಿರುಗಬೇಕು. ಇಲ್ಲವಾದರೆ ರೀಲು ಜಾರಿದೆ, 36 ಫೋಟೊ ತೆಗೆದರೂ ಒಂದೂ ಬರುವುದಿಲ್ಲ. ಶಟರ್ ವೇಗದ ಚಕ್ರದ ಹೊರ ಉಂಗುರ ಎತ್ತಿ ತಿರುಗಿಸಿ ರೀಲಿನ ಐಎಸ್‌ಒ (ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂಬ ಅಂಕಿ) ಹೊಂದಿಸಿ. ನಡುವೆ ಸೆಲ್ ಸತ್ತರೆ 400ರ ರೀಲಿಗೆ ಬಿರುಬಿಸಿಲಲ್ಲಿ ಅಪರ್ಚರ್ ಎಫ್‌16, ವೇಗ 1/500 ಇಟ್ಟು ಮುಂದುವರಿಯಿರಿ.

ರೀಲು ಮುಗಿದಾಗ ಲಿವರ್ ಬಿಗಿಯಾಗುತ್ತದೆ. ಬಲವಂತ ಮಾಡಿದರೆ ತೂತು ಹರಿಯುತ್ತದೆ. ತಳದ ಸಣ್ಣ ಗುಂಡಿ ಒತ್ತಿ, ಎಡ ಹಿಡಿಕೆಯನ್ನು ಬಾಣದ ದಿಕ್ಕಿಗೆ ಸುತ್ತುತ್ತಾ ಹೋಗಿ. ಬಿಗಿ ಒಮ್ಮೆಲೇ ಸಡಿಲಾಗಿ ಹಿಡಿಕೆ ಸಲೀಸಾಗಿ ತಿರುಗಿತೆಂದರೆ ರೀಲು ಡಬ್ಬಿ ಸೇರಿದೆ. ಬಾಗಿಲು ತೆರೆಯುವುದು ಆಮೇಲೆ.