ಡೋಣಿ ದಂಡೆಯ ಸವಳು ಹೊಲದಲ್ಲಿ ಕಡಲೆ ತೆಗೆದದ್ದು

"ಹೊಳೀನೇ ಹೊಲಕ್ಕಿಂತ ಮ್ಯಾಲೆ ಏರತೈತಿ, ನಿನ್ನ ಪೈಪಿನ ನೀರು ಎಲ್ಲಿಗೆ ಹೋಗಬೇಕೋ ತಮ್ಮಾ?" ಉಪ್ಪು ಏರಿದ ಸವಳು ಹೊಲದ ನೀರು ಹೊರಹಾಕಲು ನೆಲದೊಳಗೆ ಪೈಪ್ ಹಾಕಿಸ್ತೀನಿ ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಈ ಹಿಂಗಾರಿಗೆ ಅದೇ ಹೊಲದ ಮೇಲಿನ ಅರ್ಧದಲ್ಲಿ ಎಕರೆಗೆ 4 ಕ್ವಿಂಟಲ್ ಮೇಲೆ ಕಡಲೆ ಬಂತು. ಈಗ ಯಾರೂ ಕೇಳ್ತಿಲ್ಲ.

ಹೊಲ ಇರುವುದು ತಾಳಿಕೋಟೆಗಿಂತ ಸ್ವಲ್ಪ ಮೇಲೆ. ನಮ್ಮ ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಬುದ್ಧಿ ನಿಮಗೆ ಗೊತ್ತೇ ಇದೆ. ಅದು ಹುಟ್ಟುವ ಮಹಾರಾಷ್ಟ್ರದ ಜತ್ತ ಕಡೆ ಮಳೆಯಾದರೆ ಇಲ್ಲಿ ಹನಿ ಬೀಳದಿದ್ದರೂ ಪ್ರವಾಹ ಬರುತ್ತದೆ. ಪಾತ್ರ ಆಳವಿಲ್ಲ, ಹೂಳು ತುಂಬಿದೆ, ಮೇಲೆ ಜಾಲಿ. ಆದರೆ ನಾನು ದಂಡೆಗೆ ಒಂದು ಕೋಲು ನೆಟ್ಟು ಗಮನಿಸಿದೆ. ಹೊಳೆ ಏರಿದಷ್ಟೇ ಬೇಗ ಇಳಿಯುತ್ತದೆ, 3-4 ದಿನ ಅಷ್ಟೇ. ಹೊಲದ ನೀರು ಮಾತ್ರ ತಿಂಗಳುಗಟ್ಟಲೆ ನಿಲ್ಲುತ್ತದೆ, ಆರುತ್ತಾ ಆರುತ್ತಾ ಬಿಳಿ ಉಪ್ಪು ಬಿಟ್ಟು ಹೋಗುತ್ತದೆ. ಅಂದರೆ ಪೈಪು ಪ್ರವಾಹದಲ್ಲಿ ಕೆಲಸ ಮಾಡಬೇಕಾಗಿಲ್ಲ, ಹೊಳೆ ಇಳಿದ ಮೇಲೆ ಮಾಡಿದರೆ ಸಾಕು.

ಅದಕ್ಕೂ ಮೊದಲು ಕೈಸುಟ್ಟುಕೊಂಡಿದ್ದು ಬೇರೆ ಕಥೆ. ದಂಡೆಗೆ ಒಡ್ಡು ಹಾಕಿಸಿದೆ, 40 ಸಾವಿರ ಹತ್ತಿರ ಹೋಯಿತು. ಎರೆ (ಕಪ್ಪು) ಮಣ್ಣಿನ ಒಡ್ಡು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯಿತು, ಮೊದಲ ದೊಡ್ಡ ಮಳೆಯ ನೀರು ಬಿರುಕಿನೊಳಗೇ ನುಗ್ಗಿ ಒಡೆದು ಹಾಕಿತು. ಆಮೇಲೆ ಸವಳು ಮಣ್ಣು ಸರಿಮಾಡಲು ಹಾಕುವ ಜಿಪ್ಸಮ್, ಟ್ರ್ಯಾಕ್ಟರ್‌ಗಟ್ಟಲೆ. ಉಪ್ಪು ತೊಳೆದು ಹೊರಗೆ ಹೋಗಲು ದಾರಿ ಇಲ್ಲದ ಕಡೆ ಜಿಪ್ಸಮ್ ಸುಮ್ನೆ ದುಡ್ಡು ದಂಡ.

ದಾರಿ ತೋರಿಸಿದ್ದು ಮೇಲಿನ ಹೊಲದ ಹಾಳು ಬಾವಿ. ಬೇಸಿಗೆಯಲ್ಲಿ ಇಳಿದು ನೋಡಿದೆ. ಎರಡು ಲಾವಾ ಪದರದ ನಡುವೆ ಕೆಂಪು ಮಣ್ಣಿನ ತೆಳು ಪಟ್ಟಿ, ಅದರ ಮೇಲಿಂದ ಜಿನುಗುವ ನೀರು, ನಾಲಿಗೆಗೆ ಉಪ್ಪು. ಮಡ್ಡಿ (ಎತ್ತರದ ಕಲ್ಲುನೆಲ) ಮೇಲೆ ಬಿದ್ದ ಮಳೆ ಗರಸಿನಲ್ಲಿ (ಪುಡಿಗಲ್ಲಿನ ಮಣ್ಣಿನಲ್ಲಿ) ಇಳಿದು ನಮ್ಮ ಎರೆ ಹೊಲದ ಕೆಳಗೆ ಬಂದು ಸಿಕ್ಕಿಬೀಳುತ್ತಿತ್ತು. ಎಲ್ಲರೂ ಹೊಳೆಯನ್ನು ಬೈಯುತ್ತಿದ್ದರು, ಅರ್ಧ ನೀರು ಬೆನ್ನ ಹಿಂದಿನಿಂದ ಬರುತ್ತಿತ್ತು ನೋಡಿ! ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ನೀರು ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಉಪ್ಪನ್ನು ತೊಳೆದು ಒಯ್ಯುವುದಿಲ್ಲ.

ಹಾಗಾಗಿ ಹೊಲದ ಮೇಲಂಚಿಗೆ, ಎರೆ ಮುಗಿದು ಗರಸು ಸಿಗುವ ಸುಮಾರು 5 ಅಡಿ ಆಳಕ್ಕೆ ಅಡ್ಡ ಕಾಲುವೆ ಹೊಡೆಸಿ 4 ಇಂಚಿನ ತೂತಿನ ಪೈಪ್ ಹಾಕಿದೆ. ಮೊದಲ ಸಾಲು ಫಿಲ್ಟರ್ ಬಟ್ಟೆ ಇಲ್ಲದೆ ಹಾಕಿದ್ದು ಒಂದೇ ಮಳೆಗಾಲಕ್ಕೆ ಕಟ್ಟಿಕೊಂಡಿತು. ಬಟ್ಟೆ ಸುತ್ತಿ, ಸುತ್ತ ಗರಸು ತುಂಬಿದ್ದು ಇನ್ನೂ ಹರಿಯುತ್ತಿದೆ. ಪೈಪಿನ ಹೊಳೆ ಕಡೆಯ ಹೊರಬಾಯಿಗೆ ಪರಸಿ (ಚಪ್ಪಡಿ) ಕಲ್ಲು ಕಟ್ಟಿ, ಹೊಳೆ ಏರಿದಾಗ ತಾನೇ ಮುಚ್ಚಿಕೊಂಡು ಇಳಿದಾಗ ತೆರೆಯುವ ಮುಚ್ಚಳ ಇಟ್ಟಿದ್ದೇನೆ. ಅದರ ಲೆಕ್ಕಾಚಾರ ಇಲ್ಲಿ ಬರೆಯೋದಿಲ್ಲ, ಹೊಲಕ್ಕೆ ಬಂದವರಿಗೆ ತೋರಿಸುತ್ತೇನೆ. ಎಲ್ಲ ಸೇರಿ ಎಕರೆಗೆ 60 ಸಾವಿರ ಆಗಿರಬೇಕು, ಅದರಲ್ಲಿ ಜೆಸಿಬಿಯದ್ದೇ ಜಾಸ್ತಿ. ಸಬ್ಸಿಡಿ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ಓಡಾಡ್ತಿದೆ. ಮಣ್ಣಿನ ಇಸಿ, ಅಂದರೆ ಉಪ್ಪಿನ ಅಳತೆ, 8ರ ಮೇಲಿದ್ದದ್ದು ಮೂರು ಮಳೆಗಾಲಕ್ಕೆ 2ರ ಹತ್ತಿರ ಬಂತು.

ನಡುವೆ ಒಂದು ಆಟವನ್ನೂ ಆಡಿದೆ. ಪ್ರವಾಹದ ನೀರನ್ನು ಬಕೆಟ್‌ಗಳಲ್ಲಿ ಹಿಡಿದಿಟ್ಟೆ, ತಳದಲ್ಲಿ ಕೂತ ಮಣ್ಣನ್ನು ಕುಂಡಕ್ಕೆ ಹಾಕಿ ಜೋಳ ಊರಿದೆ. ಬೆಳೆ ನೋಡಬೇಕಿತ್ತು! ಹೊಳೆಯ ಹೂಳು ಹೊಲಕ್ಕೆ ಬರಲಿ, ತಡೆಯಬೇಡಿ ಅನ್ನೋದು ನನ್ನ ಮಾತು. ನೀರು ಮಾತ್ರ ನಿಲ್ಲಬಾರದು.

ಇದು ಎಲ್ಲ ಕಡೆ ನಡೆಯೋದಿಲ್ಲ. ತಾಳಿಕೋಟೆ ಕೆಳಗೆ ನಮ್ಮ ಮಾವನವರ ಹೊಲದಲ್ಲಿ 3 ಅಡಿಗೇ ಪರಸಿ ಬಂಡೆ ಸಿಕ್ಕಿತು. ಅಲ್ಲಿಂದಾಚೆ ಲಾವಾ ಕಲ್ಲಲ್ಲ, ಭೀಮಾ ಕಡೆಯ ಸುಣ್ಣಕಲ್ಲು, ಪದರು ಪದರಾಗಿ ಮಲಗಿರುತ್ತದೆ. ಅಲ್ಲಿ ಬೇರೆ ಉಪಾಯ ಬೇಕು. ನನ್ನ ಹೊಲದ ಕೆಳಗಿನ ತುದಿಯಲ್ಲೂ ಎರೆ 12 ಅಡಿಗಿಂತ ಆಳ, ಪೈಪು ಅಲ್ಲಿ ಮಣ್ಣಲ್ಲಿ ಹೂತ ದುಡ್ಡಾದೀತು. ಅಲ್ಲಿ ಕುಸುಬಿ ಬಿತ್ತಿದ್ದೇನೆ, ಕಡಲೆಗಿಂತ ಅದು ಸವಳು ತಡೆಯುತ್ತದೆ. ಮಾಡೋರು ಉತ್ತರಿ ಮಳೆಗೆ (ಸೆಪ್ಟೆಂಬರ್ ನಡುವಿಗೆ) ಮೊದಲು ಮುಚ್ಚಳದ ಬಾಯಿಗೆ ಕೂತ ಹೂಳು ತೆಗೆಯಿರಿ, ಇಲ್ಲಾಂದ್ರೆ ಹೊಳೆ ಪೈಪಿನೊಳಗಿಂದಲೇ ಹೊಲಕ್ಕೆ ಬರುತ್ತದೆ.